ಕೈ ಎತ್ತಿದರೆ ನಿಲ್ಲಿಸಬೇಕು: ಹಲ್ಲಿನ ಡಾಕ್ಟರಿಗೆ ಹೆದರಿದ ಒಬ್ಬ ಮೋಟರ್ ಮೆಕ್ಯಾನಿಕ್ ಪ್ರಕರಣ

ಮೊದಲ ದಿನ ಅವರು ತಾವಾಗಿ ಕ್ಲಿನಿಕ್ ಒಳಗೆ ಬರಲೇ ಇಲ್ಲ. ಕೆಳಗೆ ರಸ್ತೆಯಲ್ಲಿ ಬೈಕ್ ಮೇಲೆ ಕೂತಿದ್ದರು. ಹೆಗಲ ಮೇಲಿನ ಟವೆಲನ್ನು ಎಡಗೆನ್ನೆಗೆ ಒತ್ತಿಕೊಂಡಿದ್ದರು. ಮೆಟ್ಟಿಲು ಹತ್ತಿ ಬಂದದ್ದು ಅವರ ಹೆಂಡತಿ. "ಮೇಡಂ, ಅವರು ಬರಲ್ವಂತೆ. ಮಾತ್ರೆ ಬರ್ಕೊಡ್ಬೇಕಂತೆ" ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. "ಇದು ಮೂರನೇ ಸಲ ಮೇಡಂ. ಎರಡು ಸಲ ನಿಮ್ಮ ಬೋರ್ಡ್ ನೋಡಿ ವಾಪಸ್ ಬಂದವ್ರೆ."

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದು ಒಂದೇ ಕುರ್ಚಿಯ ಕ್ಲಿನಿಕ್. ಹಲ್ಲಿನ ಡಾಕ್ಟರಿಗೆ ಹೆದರುವವರನ್ನು ದಿನಾ ನೋಡುತ್ತೇನೆ. ಆದರೆ ಈ ಪ್ರಕರಣದಲ್ಲಿ ಹೆದರಿಕೆ ಹೋಗಲು ತಡವಾದದ್ದಕ್ಕೆ ಅರ್ಧ ಕಾರಣ ನಾನು. ಅದಕ್ಕೇ ಬರೆಯುತ್ತಿದ್ದೇನೆ. ರೋಗಿಯ ಒಪ್ಪಿಗೆ ಕೇಳಿದ್ದೇನೆ. ಹೆಸರು, ಊರು, ಇನ್ನೂ ಒಂದೆರಡು ಗುರುತುಗಳನ್ನು ಬದಲಾಯಿಸಿದ್ದೇನೆ. ಇಲ್ಲಿ ಅವರನ್ನು ಮುನಿರಾಜು ಎನ್ನೋಣ.

ಯಾರು, ಏನು

ಮುನಿರಾಜು ಅವರಿಗೆ 44 ವರ್ಷ. ಆಂಧ್ರ ಗಡಿ ಹತ್ತಿರದ ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಬೋರ್‌ವೆಲ್‌ಗೆ ಮೋಟರ್ ಬಿಡುವುದು, ಕೆಟ್ಟರೆ ಎತ್ತುವುದು ಅವರ ಕೆಲಸ. ಜೊತೆಗೆ ನಾಲ್ಕು ಹುಡುಗರು.

ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ ಸೀಮೆ ನಮ್ಮದು. ಸಾವಿರ ಅಡಿ ದಾಟಿದ ಬೋರುಗಳು ಇಲ್ಲಿ ಮಾಮೂಲು. ಹಾಗಾಗಿ ಅವರ ಕೆಲಸಕ್ಕೆ ಬಿಡುವಿಲ್ಲ. 1,200 ಅಡಿಯಲ್ಲಿ ಮೋಟರ್ ಇದ್ದರೆ 20 ಅಡಿ ಉದ್ದದ ಪೈಪು ಅರವತ್ತು. ಒಂದೊಂದನ್ನೇ ಎತ್ತಬೇಕು, ಕ್ಲಾಂಪ್ ಹಾಕಬೇಕು, ಬಿಚ್ಚಿ ಪಕ್ಕಕ್ಕಿಡಬೇಕು, ಮತ್ತೆ ಎತ್ತಬೇಕು. ಕ್ಲಾಂಪ್ ಜಾರಿತೋ, ಮೋಟರು, ಪೈಪು, ಕೇಬಲ್ಲು ಎಲ್ಲಾ ಬೋರಿನ ಪಾಲು. ಇಂಥ ಕೆಲಸ ಮಾಡುವವರು ಒಂದು ಸೂಜಿಗೆ ಹೆದರುತ್ತಾರಾ? ನಾನೂ ಮನಸ್ಸಿನಲ್ಲೇ ಕೇಳಿಕೊಂಡೆ. ಈ ಪ್ರಶ್ನೆ ಇಟ್ಟುಕೊಂಡೇ ನಾನು ದಾರಿ ತಪ್ಪಿದ್ದು.

ಆವತ್ತು ಸಂಜೆ ನಾನೇ ಕೆಳಗೆ ಇಳಿದು ಹೋದೆ. ಬೈಕ್ ಮೇಲೆ ಕೂತಿದ್ದ ಹಾಗೇ ಬಾಯಿ ನೋಡಲಾ ಅಂತ ಕೇಳಿದೆ. ಅಕ್ಕಪಕ್ಕ ನೋಡಿದರು. ಬೇಕರಿ ಮುಂದೆ ನಾಲ್ಕು ಜನ ಟೀ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. "ರೋಡಲ್ಲಿ ಬಾಯಿ ಬಿಡೋದು ಚೆನ್ನಾಗಿರಲ್ಲ ಮೇಡಂ" ಎಂದು ಎದ್ದರು. ಹಾಗೆ ಮೆಟ್ಟಿಲು ಹತ್ತಿಸಿದ್ದು ನನ್ನ ಜಾಣತನವಲ್ಲ, ಬೇಕರಿ ಮುಂದಿನ ಜನ.

ಕುರ್ಚಿಯ ಕೋಣೆಗೆ ಮಾತ್ರ ಬರಲಿಲ್ಲ. ಕಾಯುವವರ ಬೆಂಚಿನ ಮೇಲೆ ಕೂರಿಸಿ ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲು ಅರ್ಧ ಹುಳುಕಾಗಿ ಕುಳಿ ಬಿದ್ದಿತ್ತು. ಕೆನ್ನೆ ಊದಿತ್ತು. ಒಸಡಿನ ಮೇಲಿನ ಕೀವಿನ ಗುಳ್ಳೆ ತಾನಾಗಿಯೇ ಒಡೆದು ಕೀವು ಸೋರುತ್ತಿತ್ತು. ಅದರ ಪಕ್ಕ ಕೆನ್ನೆಯ ಒಳಭಾಗ ಬೆಳ್ಳಗೆ ಬೆಂದ ಹಾಗಿತ್ತು. "ಏನು ಹಚ್ಚಿದ್ರಿ?" ಎಂದೆ. ಹೆಂಡತಿ ಹೇಳಿದರು: "ಎಕ್ಕದ ಹಾಲು." ಹನ್ನೊಂದು ದಿನದ ನೋವು. ಮೊದಲು ಲವಂಗ, ಆಮೇಲೆ ಹೊಗೆಸೊಪ್ಪು, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ, ಕೊನೆಗೆ ಎಕ್ಕದ ಹಾಲು. ಎಕ್ಕದ ಹಾಲು ಹಲ್ಲಿನ ನೋವು ಕಳೆಯುವುದಿಲ್ಲ, ಬಾಯಿಯ ಚರ್ಮ ಸುಡುತ್ತದೆ. ಸುಟ್ಟ ಉರಿಯಲ್ಲಿ ಹಲ್ಲಿನ ನೋವು ಸ್ವಲ್ಪ ಹೊತ್ತು ಮರೆತುಹೋಗುತ್ತದೆ, ಅಷ್ಟೇ.

ಮೊದಲ ನಿರ್ಧಾರ

ಪುಸ್ತಕದ ಪ್ರಕಾರ ಆವತ್ತೇ ಹಲ್ಲು ತೆರೆದು ಕೀವಿಗೆ ಸರಿಯಾದ ದಾರಿ ಮಾಡಬೇಕು. ಬರೀ ಮಾತ್ರೆ ಕೊಟ್ಟು ಕಳಿಸಿದರೆ ನೋವು ಇಳಿಯುತ್ತದೆ, ಕಾರಣ ಹಾಗೇ ಉಳಿಯುತ್ತದೆ. ನೋವು ಇಳಿದ ಮೇಲೆ ಹೆದರುವ ರೋಗಿ ಮತ್ತೆ ಬರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು.

ಮೊದಲು ಅಪಾಯ ಇದೆಯಾ ಅಂತ ನೋಡಿದೆ. ಜ್ವರ ಇರಲಿಲ್ಲ. ಎರಡು ಬೆರಳು ಹೋಗುವಷ್ಟು ಬಾಯಿ ತೆರೆಯುತ್ತಿತ್ತು. ಎಂಜಲು ನುಂಗಲು ಕಷ್ಟವಿರಲಿಲ್ಲ. ನಾಲಿಗೆ ಕೆಳಗೆ ಮೆತ್ತಗಿತ್ತು, ಕುತ್ತಿಗೆಗೆ ಊತ ಇಳಿದಿರಲಿಲ್ಲ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಹೆದರಿಕೆ, ಗಿದರಿಕೆ ನೋಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆ. ಕೆಳಗಿನ ದವಡೆಯ ಕೀವು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು. ಓದುವವರು ಇದನ್ನೊಂದು ಮಾತ್ರ ನೆನಪಿಟ್ಟುಕೊಂಡರೂ ಸಾಕು: ಬಾಯಿ ತೆರೆಯಲು ಆಗುತ್ತಿಲ್ಲ, ನುಂಗಲು ಆಗುತ್ತಿಲ್ಲ, ನಾಲಿಗೆ ಮೇಲಕ್ಕೆ ಬಂದ ಹಾಗಿದೆ, ಜ್ವರ ಇದೆ ಎಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಮುನಿರಾಜು ಅವರಿಗೆ ಅದು ಯಾವುದೂ ಇರಲಿಲ್ಲ. ಬಿ.ಪಿ. ನೋಡಿದೆ, 158ಕ್ಕೆ 96. ಅಂಗೈ ಬೆವರುತ್ತಿತ್ತು. ಅವರ ಹೆಂಡತಿ (ನಾನು ಅಕ್ಕ ಎನ್ನುತ್ತೇನೆ) ಪಕ್ಕದಲ್ಲೇ ನಿಂತು "ಮಗು ಹಂಗೆ ಆಡ್ತಾರೆ ನೋಡಿ ಮೇಡಂ" ಎಂದು ಬೈಯುತ್ತಿದ್ದರು. ಆವತ್ತು ಬಲವಂತ ಮಾಡಿದ್ದರೆ ಬಹುಶಃ ಕೂರುತ್ತಿದ್ದರು. ಮಾಡಲಿಲ್ಲ. ಐದು ದಿನಕ್ಕೆ ಮಾತ್ರೆ ಬರೆದೆ. ಅಪಾಯದ ಲಕ್ಷಣಗಳನ್ನು ಅಕ್ಕನ ಹತ್ತಿರ ಎರಡು ಸಲ ಹೇಳಿಸಿದೆ. ದಿನಾ ಸಂಜೆ ಫೋನ್ ಮಾಡುತ್ತೇನೆ ಎಂದೆ, ಮಾಡಿದೆ. ಐದನೇ ದಿನ "ಬನ್ನಿ, ಏನೂ ಮಾಡಲ್ಲ, ಮಾತಾಡೋಣ" ಎಂದೆ. ಇದು ಜೂಜೇ. ಬಾರದೇ ಹೋಗಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ.

ಬಂದರು.

ಹೆದರಿಕೆಯ ಬೇರು

ಆ ದಿನ ಕುರ್ಚಿಗೆ ಕರೆಯಲಿಲ್ಲ. ನನ್ನ ಮೇಜಿನ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಹೆದರಿಕೆ ಅಳೆಯಲು ನಾವು ಬಳಸುವ ಒಂದು ಪ್ರಶ್ನಾವಳಿ ಇದೆ. 1969ರಲ್ಲಿ ನಾರ್ಮನ್ ಕೋರಾ ಎಂಬುವವರು ನಾಲ್ಕು ಪ್ರಶ್ನೆ ಮಾಡಿದ್ದರು. 1995ರಲ್ಲಿ ಜೆರ್ರಿ ಹಂಫ್ರಿಸ್ ಮತ್ತು ಜೊತೆಯವರು ಅದನ್ನು ತಿದ್ದಿ ಐದು ಮಾಡಿದರು. ಹೊಸದಾಗಿ ಸೇರಿದ್ದು ಇಂಜೆಕ್ಷನ್ ಬಗ್ಗೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಎಂದರೆ ಹೇಗನಿಸುತ್ತದೆ, ಹೊರಗೆ ಕಾಯುವಾಗ ಹೇಗೆ, ಹಲ್ಲು ಕೊರೆಯುವಾಗ ಹೇಗೆ, ಈ ಥರ. ಪ್ರತಿ ಉತ್ತರಕ್ಕೆ 1ರಿಂದ 5. ಒಟ್ಟು 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತುಂಬಾ ಹೆದರಿಕೆ ಎಂದರ್ಥ. ಕನ್ನಡದಲ್ಲಿ ಬಾಯಲ್ಲೇ ಕೇಳಿದೆ. ಮುನಿರಾಜು ಅವರದು 23.

ಅಂಕಿಗಿಂತ ಮುಖ್ಯವಾದದ್ದು ಇಂಜೆಕ್ಷನ್ ಪ್ರಶ್ನೆ ಬಂದಾಗ ಅವರು ಹೇಳಿದ ಮಾತು. "ಸೂಜಿ ಅಲ್ಲ ಮೇಡಂ. ಸೂಜಿ ಹಾಕಿದ ಮೇಲೆ ನೋವೇ ಆಗಲ್ಲ ಅಂತಾರಲ್ಲ, ಅದು."

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರಿಗೆ ಬಲಗಡೆ ದವಡೆ ಹಲ್ಲು ಕೀಳಿಸಿದ್ದರು. ಎಲ್ಲಿ ಅನ್ನುವುದು ಇಲ್ಲಿ ಬೇಡ. ಆಗಲೂ ದವಡೆ ಊದಿತ್ತು. ಇಂಜೆಕ್ಷನ್ ಹಾಕಿದರು. ಐದು ನಿಮಿಷಕ್ಕೆ ಇಕ್ಕಳ ಹಾಕಿದರು. ನೋವು ಪೂರಾ ಇತ್ತು. "ನೊಪ್ಪಿ, ನೊಪ್ಪಿ" ಎಂದು ತೆಲುಗಿನಲ್ಲೇ ಕೂಗಿದರಂತೆ, ನೋವು ಅಂತ. "ಇಂಜೆಕ್ಷನ್ ಕೊಟ್ಟಾಗಿದೆ, ನೋವಾಗಲ್ಲ, ಸುಮ್ನೆ ಹೆದರ್ತೀಯ" ಎಂದರಂತೆ. ಇಬ್ಬರು ಭುಜ ಹಿಡಿದುಕೊಂಡರು. ಹಲ್ಲು ಬಂತು. ಹೊರಡುವಾಗ ಇನ್ನೊಂದು ಮಾತು ಬಿತ್ತು: "ಹಲ್ಲು ಇಷ್ಟು ಹಳದಿ ಮಾಡ್ಕೊಂಡಿದ್ದೀಯಲ್ಲ, ಉಜ್ಜೋದೇ ಇಲ್ವಾ?"

ಇಲ್ಲಿ ಎರಡು ಗಂಟು ಇವೆ. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲನೆಯದು ಇಂಜೆಕ್ಷನ್. ಮುನಿರಾಜು ಸುಳ್ಳು ಹೇಳುತ್ತಿರಲಿಲ್ಲ. ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಸೋಂಕಾದ ಮಾಂಸ ಆಮ್ಲೀಯವಾಗಿರುತ್ತದೆ. ನಾವು ಬಳಸುವ ಲಿಗ್ನೋಕೇನ್ ನರದ ಪೊರೆ ದಾಟಲು ಒಂದು ರೂಪದಲ್ಲಿ ಇರಬೇಕು. ಆಮ್ಲ ಜಾಸ್ತಿ ಇದ್ದಲ್ಲಿ ಆ ರೂಪದ ಪಾಲು ಕಡಿಮೆಯಾಗುತ್ತದೆ. ಊದಿದ ಜಾಗದ ನರಗಳೂ ಮೊದಲೇ ಕೆರಳಿರುತ್ತವೆ. ಕೆಳಗಿನ ದವಡೆಯಲ್ಲಿ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಎಲುಬು ದಪ್ಪ. ಹಲ್ಲಿನ ಪಕ್ಕ ಚುಚ್ಚಿದರೆ ಸಾಲದು, ದವಡೆಯ ಹಿಂದೆ ನರ ಎಲುಬಿನೊಳಗೆ ಹೊಗುವ ಜಾಗದಲ್ಲೇ ಹಾಕಬೇಕು, ಆಮೇಲೆ ಕಾಯಬೇಕು.

ಈಗ ಸುತ್ತು ನೋಡಿ. ಹೆದರಿಕೆ ಇರುವವರು ತಡೆಯಲಾರದಷ್ಟು ನೋವು ಬಂದಾಗ ಮಾತ್ರ ಬರುತ್ತಾರೆ. ಅಷ್ಟು ಹೊತ್ತಿಗೆ ಕೀವು ತುಂಬಿರುತ್ತದೆ. ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ನೋವಾಗುತ್ತದೆ. ಹೆದರಿಕೆ ನಿಜವಾಯಿತು ಎಂದುಕೊಂಡು ಹೋಗುತ್ತಾರೆ. ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ. ಹೆದರದವರು ಸಣ್ಣ ಕುಳಿ ಇದ್ದಾಗಲೇ ಬಂದು, ಏನೂ ಗೊತ್ತಾಗದ ಹಾಗೆ ಸಿಮೆಂಟ್ ಹಾಕಿಸಿಕೊಂಡು ಹೋಗಿ, "ಏನೂ ಆಗಲ್ಲ ಕಣಯ್ಯಾ" ಅನ್ನುತ್ತಾರೆ. ಇಬ್ಬರೂ ತಮ್ಮ ಅನುಭವದ ಮಟ್ಟಿಗೆ ಸರಿಯೇ.

ಎರಡನೆಯ ಗಂಟು ಹಳದಿ ಹಲ್ಲು. ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು, ನಡುನಡುವೆ ಸೀಮೆಸುಣ್ಣದಂಥ ಬಿಳಿ ಮಚ್ಚೆ. ಇದು ಕೊಳೆಯಲ್ಲ, ಫ್ಲೋರೋಸಿಸ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸರಿ ಎಂದು ಭಾರತೀಯ ಮಾನಕ ಹೇಳುತ್ತದೆ. ಸುಮಾರು ಎಂಟು ವರ್ಷದ ತನಕ, ಒಸಡಿನೊಳಗೆ ಹಲ್ಲಿನ ಹೊರಕವಚ ತಯಾರಾಗುವಾಗ ಮಗು ಅದಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನೇ ಕುಡಿದರೆ ಕವಚದಲ್ಲೇ ಕಲೆ ಕೂರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಕವಚವೇ ಸವೆಯುತ್ತದೆ.

ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಉಜ್ಜದೇ ಇದ್ದಿದ್ದಕ್ಕೆ ಅಲ್ವಾ ಹಂಗಾದ್ರೆ?" ಎಂದರು. ಅಲ್ಲ ಎಂದೆ. "ನಾನು ದಿನಾ ಎರಡು ಸಲ ಉಜ್ತೀನಿ ಮೇಡಂ" ಎಂದರು. ಗೊತ್ತು ಎಂದೆ. ಒಸಡು ನೋಡಿದರೆ ತಿಳಿಯುತ್ತದೆ. ಇನ್ನೊಮ್ಮೆ ಕೇಳಿದರು: "ನೀರಿನದ್ದೇ ಅಲ್ವಾ?" ಅವರೇ ಎತ್ತಿ ಇಳಿಸಿದ ಮೋಟರುಗಳ ನೀರು. ನಗುವಾಗ ಅವರು ಯಾಕೆ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಆಗ ಹೊಳೆಯಿತು. ಇಪ್ಪತ್ತೈದು ವರ್ಷ ಅವರನ್ನು ನಮ್ಮಂಥವರಿಂದ ದೂರ ಇಟ್ಟಿದ್ದರಲ್ಲಿ ನೋವಿನ ನೆನಪು ಎಷ್ಟಿತ್ತೋ ನಾಚಿಕೆಯೂ ಅಷ್ಟೇ ಇತ್ತು.

ಮಾಡಿ ನೋಡಿದ್ದು

ಫಲ ಕೊಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿದ್ದು ಫಲ ಕೊಡಲಿಲ್ಲ. ಅವರು ಧೈರ್ಯ ಹೇಳುತ್ತಾ ಹೇಳುತ್ತಾ ಬೈಯುತ್ತಿದ್ದರು. ಹಿಂದಿನ ರಾತ್ರಿ ತೆಗೆದುಕೊಳ್ಳಲು ಮನಸ್ಸು ತಿಳಿಯಾಗುವ ಮಾತ್ರೆ ಕೊಡಲಾ ಎಂದೆ. ಬೆಳಿಗ್ಗೆ ಗಾಡಿ ಓಡಿಸಬೇಕು, ಬೇಡ ಎಂದರು. ಸರಿಯಾದ ಮಾತು. ಬೆಂಗಳೂರಿಗೆ ಹೋದರೆ ಮಂಪರು ಬರಿಸಿ ಚಿಕಿತ್ಸೆ ಮಾಡುವವರಿದ್ದಾರೆ ಎಂದೆ. ಖರ್ಚು, ಒಂದು ದಿನದ ಕೆಲಸ, ಜೊತೆಗೆ ಬರುವವರ ಒಂದು ದಿನದ ಕೆಲಸ. ಅದೂ ಅಲ್ಲಿಗೇ ನಿಂತಿತು.

ಇಯರ್‌ಫೋನ್ ಹಾಕಿ ಹಾಡು ಕೇಳಿಸುವುದು ನಮ್ಮಲ್ಲಿ ಎಲ್ಲರೂ ಹೇಳುವ ಉಪಾಯ. ಎಷ್ಟೋ ಜನರಿಗೆ ಇದು ನಿಜವಾಗಿ ಸಹಾಯ ಮಾಡುತ್ತದೆ. ಮುನಿರಾಜು ಎರಡು ನಿಮಿಷಕ್ಕೆ ಕಿತ್ತು ಹಾಕಿದರು. "ಸೌಂಡ್ ಕೇಳಿಸದೇ ಇದ್ರೆ ಏನಾಗ್ತಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಎಂದರು. ಸಾವಿರ ಅಡಿ ಕೆಳಗಿನ ಮೋಟರ್ ಕಣ್ಣಿಗೆ ಕಾಣುವುದಿಲ್ಲ. ಪೈಪಿಗೆ ಕೈ ಇಟ್ಟು, ಸದ್ದು ಕೇಳಿ ಏನು ಕೆಟ್ಟಿದೆ ಎಂದು ಹೇಳುವ ಮನುಷ್ಯ ಅವರು. ಅಂಥವರ ಕಿವಿ ಮುಚ್ಚುವುದು ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಅದರ ಉಲ್ಟಾ ಮಾಡಿದೆ. ಮಕ್ಕಳಿಗೆ ನಾವು ಮಾಡುತ್ತೇವಲ್ಲ, ಹೇಳು, ತೋರಿಸು, ಆಮೇಲೆ ಮಾಡು ಅಂತ. ಅದನ್ನೇ ದೊಡ್ಡವರಿಗೆ ಮಾಡಿದೆ. ಹಲ್ಲು ಕೊರೆಯುವ ಏರೋಟರ್ ಅವರ ಕೈಗೆ ಕೊಟ್ಟೆ. ಕುರ್ಚಿಯಲ್ಲಲ್ಲ, ಕಿಟಕಿ ಪಕ್ಕ ನಿಂತುಕೊಂಡು. ಹಿಂದಿನ ಮುಚ್ಚಳ ತಿರುಗಿಸಿ ಒಳಗಿನ ಕಾರ್ಟ್ರಿಜ್ ತೆಗೆದು ಅಂಗೈ ಮೇಲೆ ಇಟ್ಟೆ. ಶೇಂಗಾ ಬೀಜದಷ್ಟು ದೊಡ್ಡದು. ಕಣ್ಣ ಹತ್ತಿರ ಹಿಡಿದು ನೋಡಿದರು. ಉಗುರಿನಿಂದ ಮೆಲ್ಲಗೆ ತಿರುಗಿಸಿದರು.

"ಬೇರಿಂಗ್ ಇದೆ!"

"ಎರಡು ಇದೆ ಅಣ್ಣ."

"ಕರೆಂಟಾ?"

"ಇಲ್ಲ, ಗಾಳಿ. ಕೆಳಗೆ ಕಂಪ್ರೆಸರ್ ಇದೆ."

"ಎಷ್ಟು ಆರ್‌ಪಿಎಂ?"

3 ಲಕ್ಷಕ್ಕೂ ಜಾಸ್ತಿ ಎಂದೆ. ಅವರ ಸಬ್‌ಮರ್ಸಿಬಲ್ ಮೋಟರ್ ನಿಮಿಷಕ್ಕೆ 2,880 ಸುತ್ತು. ನಂಬಲಿಲ್ಲ. ಗಾಳಿ ಬಿಟ್ಟು ತೋರಿಸಿದೆ. ಆ ಕೀರಲು ಸದ್ದಿಗೆ ಭುಜ ಬಿಗಿಯಾಯಿತು, ಆದರೆ ಓಡಲಿಲ್ಲ. ತಲೆ ಓರೆ ಮಾಡಿ ಕೇಳಿಸಿಕೊಂಡರು. "ಒಂದು ಬೇರಿಂಗ್ ಹೋಗ್ತಾ ಇದೆ ಮೇಡಂ" ಎಂದರು. ಹೋಗುತ್ತಿತ್ತು. ಮುಂದಿನ ವಾರ ಬದಲಾಯಿಸಿದೆ.

ಮೂರನೇ ಭೇಟಿಗೆ ಕುರ್ಚಿಯಲ್ಲಿ ಕೂತರು. ಕುರ್ಚಿ ಮಲಗಿಸದೆ, ಮುಂದಿನ ಆರು ಹಲ್ಲು ಮಾತ್ರ ಕ್ಲೀನ್ ಮಾಡಿದೆ. ಎಲ್ಲರಿಗೂ ಹೇಳುವ ಹಾಗೆ ಹೇಳಿದೆ: "ಏನಾದ್ರೂ ಆದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ." ತಲೆಯಾಡಿಸಿದರು. ಕುರ್ಚಿಯ ತೋಳಿನ ಮೇಲೆ ಅವರ ಎಡಗೈ ಇತ್ತು. ಉಂಗುರ ಬೆರಳಿನ ತುದಿ ಇರಲಿಲ್ಲ. ಕೆಲಸದಲ್ಲಿ ಆಗಿರಬೇಕು ಎಂದುಕೊಂಡೆ. ಕೇಳಲಿಲ್ಲ.

ನಾನು ಕೆಡಿಸಿದ್ದು

ನಾಲ್ಕನೇ ಭೇಟಿ ರೂಟ್ ಕೆನಾಲ್, ಅಂದರೆ ಹಲ್ಲಿನ ಬೇರಿನೊಳಗಿನ ನರದ ಕಾಲುವೆಗಳನ್ನು ಕ್ಲೀನ್ ಮಾಡಿ ಮುಚ್ಚುವ ಕೆಲಸ, ಶುರು ಮಾಡುವ ದಿನ. ಊತ ಪೂರಾ ಇಳಿದಿತ್ತು. ಹೊಟ್ಟೆ ತುಂಬಾ ಮುದ್ದೆ ಊಟ ಮಾಡಿಯೇ ಬರಬೇಕು ಎಂದು ಮೊದಲೇ ಹೇಳಿದ್ದೆ. ಖಾಲಿ ಹೊಟ್ಟೆಯಲ್ಲಿ ಬಂದು, ಹೆದರಿ, ತಲೆ ಸುತ್ತಿ ಬಿದ್ದು, ಅದನ್ನು ಇಂಜೆಕ್ಷನ್ ಮೇಲೆ ಹಾಕುವವರು ಬೇಕಾದಷ್ಟು ಜನ.

ಒಸಡಿಗೆ ಜೆಲ್ ಹಚ್ಚಿ ಎರಡು ನಿಮಿಷ ಕಾದೆ. ಔಷಧಿಯನ್ನು ನಿಧಾನವಾಗಿ ಬಿಟ್ಟೆ, ಒಂದು ಮಿಲಿಗೆ ಒಂದು ನಿಮಿಷದ ಲೆಕ್ಕದಲ್ಲಿ. ಬೇಗ ಒತ್ತಿದರೆ ಸೂಜಿಗಿಂತ ಆ ಒತ್ತಡವೇ ಜಾಸ್ತಿ ನೋಯಿಸುತ್ತದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿದ್ದೆ: "ಇದರಲ್ಲಿ ಅಡ್ರಿನಲಿನ್ ಇದೆ. ಸ್ವಲ್ಪ ಹೊತ್ತು ಎದೆ ಡಬಡಬ ಅನ್ನಬಹುದು. ಅದು ಔಷಧಿದು, ಹಾರ್ಟಿಂದಲ್ಲ." ಅಂದ ಹಾಗೇ ಆಯಿತು. "ಬಂತು ಮೇಡಂ" ಎಂದರು. ಮೂರು ನಾಲ್ಕು ನಿಮಿಷಕ್ಕೆ ಇಳಿಯಿತು. ಹತ್ತು ನಿಮಿಷ ಕಾದು ಕೆಳತುಟಿ ಮುಟ್ಟಿ ಕೇಳಿದೆ. "ದಪ್ಪ ಆಗಿದೆ, ನಂದಲ್ಲ ಅನ್ನೋ ಹಂಗಿದೆ." ಚೂಪಾದ ಕಡ್ಡಿಯಿಂದ ಒಸಡು ಒತ್ತಿದೆ. ಗೊತ್ತಾಗಲಿಲ್ಲ.

ಹಲ್ಲಿನ ಸುತ್ತ ರಬ್ಬರ್ ಹಾಳೆ ಹಾಕಿದೆ. ಆಮೇಲೆ ರೋಗಿ ಮಾತಾಡಲು ಆಗುವುದಿಲ್ಲ. ಕೈಯೇ ಬಾಯಿ. ಹಲ್ಲು ತೆರೆದೆ. ಮೊದಲ ಎರಡು ಕಾಲುವೆ ಸತ್ತಿದ್ದವು, ಏನೂ ತಿಳಿಯಲಿಲ್ಲ ಅವರಿಗೆ. ಇಪ್ಪತ್ತೈದು ನಿಮಿಷ ಚೆನ್ನಾಗಿ ನಡೆಯಿತು. ನನಗೆ ಒಳಗೊಳಗೇ ಖುಷಿ. ಮೂರನೆಯದು ಹಿಂದಿನ ಬೇರಿನದು. ಅದರಲ್ಲಿ ಇನ್ನೂ ಸ್ವಲ್ಪ ಜೀವ ಉಳಿದಿತ್ತು. ಕಾಲುವೆ ಉಜ್ಜುವ ಸೂಜಿಯಂಥ ಫೈಲ್ ಇಳಿಯುತ್ತಿದ್ದ ಹಾಗೆ ಎಡಗೈ ಮೇಲೆ ಬಂತು.

ನಾನು ನೋಡಿದೆ. ಹೊರಗೆ ಐದು ಜನ ಕಾಯುತ್ತಿದ್ದರು. ಫೈಲ್ ಇನ್ನೇನು ತುದಿ ಮುಟ್ಟುತ್ತಿತ್ತು. "ಒಂದೇ ನಿಮಿಷ ಅಣ್ಣ, ಮುಗೀತು" ಎಂದೆ.

ನಿಜವಾಗಿ ಒಂದು ನಿಮಿಷವೂ ಆಗಲಿಲ್ಲ. ಕೆಲಸ ಶುದ್ಧವಾಗಿ ಮುಗಿಯಿತು. ತಾತ್ಕಾಲಿಕ ಸಿಮೆಂಟ್ ಹಾಕಿ ಕುರ್ಚಿ ಎತ್ತಿದೆ. ಅವರು ಏನೂ ಹೇಳಲಿಲ್ಲ. ಬಾಯಿ ಮುಕ್ಕಳಿಸಿದರು, ದುಡ್ಡು ಕೊಟ್ಟರು, ನಮಸ್ಕಾರ ಹೇಳಿ ಇಳಿದು ಹೋದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. "ಕೆಲಸ ಜಾಸ್ತಿ ಅಂತಾರೆ ಮೇಡಂ" ಎಂದು ಎಳೆದರು.

ನನಗೆ ಮೊದಲು ಕೋಪವೇ ಬಂತು. ಇಷ್ಟು ಟೈಮ್ ಕೊಟ್ಟಿದ್ದೀನಿ, ಎರಡು ದಿನ ಫೀಸ್ ಇಲ್ಲದೆ ಮಾತಾಡಿದ್ದೀನಿ, ನೋವು ಹೋದ ತಕ್ಷಣ ಎಲ್ಲರ ಹಾಗೇ ಮಾಯ ಅಂತ. ಆ ಎತ್ತಿದ ಕೈ ನೆನಪಾದದ್ದು ಬಹಳ ತಡವಾಗಿ. ಅದನ್ನು ನೆನಪಿಸಿದ್ದೂ ನಾನಲ್ಲ, ನಮ್ಮ ಸಹಾಯಕಿ. "ಆವತ್ತು ಅವರು ಕೈ ಎತ್ತಿದ್ರಲ್ಲ ಮೇಡಂ" ಎಂದಳು. ಅಷ್ಟೇ ಅಂದದ್ದು.

ವಾಟ್ಸಾಪಿನಲ್ಲಿ ಧ್ವನಿ ಕಳಿಸಿದೆ. ಬರೆದರೆ ಬೇರೆಯವರ ಹತ್ತಿರ ಓದಿಸುತ್ತಾರೇನೋ ಎಂಬ ಅನುಮಾನ. "ಅಣ್ಣ, ಕೈ ಎತ್ತಿದ್ರೆ ನಿಲ್ಲಿಸ್ತೀನಿ ಅಂದಿದ್ದೆ. ನಿಲ್ಲಿಸಲಿಲ್ಲ. ತಪ್ಪು ನಂದು. ಬಂದ್ರೆ ಮಾತಾಡೋಣ, ಬರದಿದ್ರೂ ಆ ಹಲ್ಲನ್ನ ಬೇರೆ ಯಾರ ಹತ್ರ ಆದ್ರೂ ಪೂರ್ತಿ ಮಾಡಿಸ್ಕೊಳ್ಳಿ, ಹಾಗೇ ಬಿಡಬೇಡಿ." ಮೂರು ವಾರ ಆಗಿತ್ತು. ಎರಡು ದಿನ ಬಿಟ್ಟು ಬಂದರು.

ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತರು. ಎಡಗೈಯನ್ನು ಮೇಜಿನ ಮೇಲೆ ಇಟ್ಟರು.

"ಮೇಡಂ, ನಾವು ಮೋಟರ್ ಎತ್ತುವಾಗ ಗಾಡಿ ಮೇಲೆ ಒಬ್ಬ ಇರ್ತಾನೆ, ಬೋರ್ ಹತ್ರ ನಾನಿರ್ತೀನಿ. ಇಂಜಿನ್ ಸೌಂಡಲ್ಲಿ ಮಾತು ಕೇಳ್ಸಲ್ಲ. ನಾನು ಕೈ ಎತ್ತಿದ್ರೆ ಅವನು ನಿಲ್ಲಿಸ್ಬೇಕು. ಯಾಕೆ ಅಂತ ಕೇಳಂಗಿಲ್ಲ. ಎಂಟು ವರ್ಷದ ಹಿಂದೆ ಒಬ್ಬ ಹೊಸ ಹುಡುಗ ಇದ್ದ. ಕೈ ಎತ್ತಿದೆ. ಇನ್ನೊಂದೇ ಅಡಿ ಅಣ್ಣ ಅಂದ."

ಬೆರಳು ತೋರಿಸಲಿಲ್ಲ. ತೋರಿಸಬೇಕಾಗಿರಲಿಲ್ಲ.

ಇಡೀ ಪ್ರಕರಣ ಅಲ್ಲಿ ತಿರುಗಿತು. ನಾನು ಅದುವರೆಗೆ ನೋವು ಕಡಿಮೆ ಮಾಡುವ ಕೆಲಸದಲ್ಲಿದ್ದೆ. ಜೆಲ್ಲು, ನಿಧಾನದ ಇಂಜೆಕ್ಷನ್, ಎಲ್ಲಾ ಅದಕ್ಕೇ. ಆವತ್ತು ಅವರಿಗಾದ ನೋವು ನಿಜಕ್ಕೂ ಸ್ವಲ್ಪವೇ, ಅವರೇ ಹೇಳಿದರು. ಅವರನ್ನು ಓಡಿಸಿದ್ದು ಬೇರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಕೂಗಿದಾಗ ಯಾರೂ ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಲಿಲ್ಲ. ನನ್ನದು ಮೆತ್ತನೆ ದನಿ, ಆಗ ಹಲ್ಲು ಕಿತ್ತವರದು ಗಟ್ಟಿ ದನಿ, ಅಷ್ಟೇ ವ್ಯತ್ಯಾಸ. ಕೆಲಸದಲ್ಲಿ ಅವರಿಗೆ ಧೈರ್ಯ ಬರುವುದು ಅಪಾಯ ಇಲ್ಲ ಅಂತಲ್ಲ, ಕೈ ಎತ್ತಿದರೆ ಗಾಡಿ ನಿಲ್ಲುತ್ತದೆ ಅಂತ. ಅದಿಲ್ಲದ ಜಾಗಕ್ಕೆ ಅವರು ಹೆದರಿದ್ದು ಪುಕ್ಕಲುತನವಲ್ಲ, ಕಲಿತ ಪಾಠ.

ಆಮೇಲೆ

ನಮ್ಮ ಏರ್ಪಾಡು ಬದಲಾಯಿಸಿದೆವು. ಕೆಲಸ ಮಾಡುವಾಗ ನನ್ನ ಕಣ್ಣು ಹಲ್ಲಿನ ಮೇಲೆ ಇರುತ್ತದೆ, ಕೈ ಕಂಡರೂ ಕಾಣದ ಹಾಗೆ ಮಾಡಬಹುದು. ಹಾಗಾಗಿ ಕೈ ನೋಡುವ ಕೆಲಸ ಸಹಾಯಕಿಗೆ. ಕೈ ಎದ್ದರೆ ಅವಳು "ನಿಲ್ಲಿಸಿ" ಅನ್ನಬೇಕು. ಅಂದ ತಕ್ಷಣ ನಾನು ಪೆಡಲ್ ಮೇಲಿನ ಕಾಲು ತೆಗೆಯಬೇಕು. ಬಾಯಿಂದ ಎಲ್ಲಾ ಹೊರಗೆ ತೆಗೆದು, ಆಮೇಲೆ ಮಾತು. ಯಾಕೆ ಎತ್ತಿದಿರಿ ಎಂದು ಕೇಳುವ ಹಾಗಿಲ್ಲ. ಮುಂದೆ ಹೋಗಲು ಅವರು ಹೆಬ್ಬೆರಳು ತೋರಿಸಬೇಕು.

ಐದನೇ ಭೇಟಿಯಲ್ಲಿ ಕೈ ಏಳು ಸಲ ಎದ್ದಿತು. ಮೊದಲ ಮೂರು ಸಲ ನಾನಿನ್ನೂ ಹಲ್ಲು ಮುಟ್ಟಿರಲೇ ಇಲ್ಲ, ಕನ್ನಡಿ ಇಟ್ಟಿದ್ದೆ ಅಷ್ಟೇ. ನೋವಿರಲಿಲ್ಲ. ಹೊಸ ಹುಡುಗನನ್ನು ಪರೀಕ್ಷೆ ಮಾಡುತ್ತಿದ್ದರು. ಏಳೂ ಸಲ ನಿಲ್ಲಿಸಿದೆವು. ಅರ್ಧ ಗಂಟೆಯ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯಿತು. ಆರನೇ ಭೇಟಿಯಲ್ಲಿ ಎರಡು ಸಲ. ಅದರಲ್ಲಿ ಒಂದು ಸೀನು ಬಂದದ್ದಕ್ಕೆ. ಕ್ಯಾಪ್ ಅಳತೆ ತೆಗೆಯುವ ದಿನ, ಕ್ಯಾಪ್ ಕೂರಿಸುವ ದಿನ ಕೈ ಏಳಲೇ ಇಲ್ಲ. ಕುರ್ಚಿ ತೋಳಿನ ಮೇಲೆ ಸಡಿಲವಾಗಿ ಬಿದ್ದಿತ್ತು.

ಮೊದಲ ದಿನದಿಂದ ಕ್ಯಾಪ್ ತನಕ ನಾಲ್ಕು ತಿಂಗಳು. ಕೊನೆಯಲ್ಲಿ ಅದೇ ಐದು ಪ್ರಶ್ನೆ ಕೇಳಿದೆ. 23 ಇದ್ದದ್ದು 13ಕ್ಕೆ ಇಳಿದಿತ್ತು. ಇಂಜೆಕ್ಷನ್ ಪ್ರಶ್ನೆಗೆ 5ರ ಬದಲು 2. ಹೊರಗೆ ಕಾಯುವ ಪ್ರಶ್ನೆಗೆ ಮಾತ್ರ ಇನ್ನೂ 4.

ಈ ದಾರಿ ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳಲಾರೆ. ಮುನಿರಾಜು ಅವರಿಗೆ ಹೆದರಿಕೆ ಎಲ್ಲಿಂದ ಬಂತು ಎಂದು ಗೊತ್ತಿತ್ತು, ಹೇಳಿದರು. ಹೇಳಲು ಏನೂ ಇಲ್ಲದೆ ಹೆದರುವವರೂ ಇದ್ದಾರೆ. ದಿನಕ್ಕೆ ನಲವತ್ತು ಐವತ್ತು ಜನ ನೋಡುವ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರಿಗೆ ಐವತ್ತು ನಿಮಿಷ ಎಲ್ಲಿಂದ ತರುವುದು ಎಂದು ನನ್ನ ಸ್ನೇಹಿತೆ ಕೇಳುತ್ತಾಳೆ. ಉತ್ತರ ಇಲ್ಲ. ಆದರೆ ಕೈ ಎತ್ತಿದಾಗ ಕಾಲು ತೆಗೆಯಲು ಬೇಕಾದದ್ದು ಹತ್ತು ಸೆಕೆಂಡು. "ಒಂದೇ ನಿಮಿಷ" ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಬಿಡುವುದು ಸುಲಭವಿರಲಿಲ್ಲ. ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದೆ ಎಂದು ಬಿಟ್ಟ ಮೇಲೇ ಗೊತ್ತಾದದ್ದು. ಹಳದಿ ಹಲ್ಲು ಕಂಡ ಕೂಡಲೇ ನೀರಿನ ಮಾತನ್ನು ನಾನೇ ಮೊದಲು ಎತ್ತುತ್ತೇನೆ. ಅವರು ಬಾಯಿ ಮುಚ್ಚಿಕೊಳ್ಳುವ ಮುಂಚೆ.

ಮುನಿರಾಜು ಅವರಿಗೆ ಮೇಲಿನ ಬಲಗಡೆ ಇನ್ನೊಂದು ಸಣ್ಣ ಕುಳಿ ಇದೆ. ನೋವಿಲ್ಲ. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತೆ ಎಂದು ಅವರ ಅತ್ತೆ ಹೇಳಿದ್ದಾರಂತೆ. ಕಣ್ಣಿನ ನೋಟದ ನರ ಬೇರೆ, ಹಲ್ಲಿನ ನರ ಬೇರೆ ಎಂದು ಚಿತ್ರ ಬರೆದು ಕೊಟ್ಟು ಕಳಿಸಿದೆ, ಅತ್ತೆಗೆ ತೋರಿಸಲು. ಕಳೆದ ವಾರ ಸಂಜೆ ಫೋನಿನಲ್ಲಿ ಅವರ ಧ್ವನಿ ಬಂತು: "ಮೇಡಂ, ಕೆಳಗೇ ಇದೀನಿ. ಹತ್ತು ನಿಮಿಷ. ಬರ್ತೀನಿ." ಕಿಟಕಿಯಿಂದ ನೋಡಿದೆ. ಬೇಕರಿ ಮುಂದೆ ಬೈಕ್ ಮೇಲೆ ಕೂತಿದ್ದರು. ಟವೆಲ್ ಹೆಗಲ ಮೇಲಿತ್ತು.

ಹದಿನೈದು ನಿಮಿಷಕ್ಕೆ ಮೇಲೆ ಬಂದರು.